ಒಂದು ವರ್ಷ ಅಂದರೆ ಎಷ್ಟು ವರ್ಷ?

(ಬೇಸ್‌ಬಾಲ್ ಆಟಗಾರರ ಸಂಬಳ ಮತ್ತು ಮುಷ್ಕರಗಳ ಬಗ್ಗೆ ನಮ್ಮ ಬಡಾವಣೆಯ ವಾಚನಾಲಯದಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಬಾಡಿಗೆ ಮನೆಯಲ್ಲಿ ಇರುವವರು, ಹಿಂದೆ ಇದ್ದವರು ಬಹಳ ಜನ ಇದ್ದೀರಿ. ಹನ್ನೊಂದು ತಿಂಗಳ ಅಗ್ರಿಮೆಂಟ್ ಎಲ್ಲರಿಗೂ ಗೊತ್ತು. ಅದರಲ್ಲಿ ಒಂದು ಸಾಲು ಇರುತ್ತದೆ: ಅವಧಿ ಮುಗಿದ ಮೇಲೆ ಇಬ್ಬರೂ ಒಪ್ಪಿದರೆ ಮುಂದುವರಿಸಬಹುದು. ಈಗ ಆ ಸಾಲಿನಿಂದ 'ಇಬ್ಬರೂ ಒಪ್ಪಿದರೆ' ಅನ್ನುವುದನ್ನು ಹೊಡೆದುಹಾಕಿ. ಓನರ್ ಬೇಕು ಅಂದರೆ ಸಾಕು, ಅಗ್ರಿಮೆಂಟ್ ಅದೇ ಷರತ್ತುಗಳ ಮೇಲೆ ಮುಂದುವರಿಯುತ್ತದೆ. ಆ ಷರತ್ತುಗಳಲ್ಲಿ ಈ ಸಾಲೂ ಸೇರಿದೆ. ಅಂದರೆ ಮುಂದಿನ ಸಲವೂ ಓನರ್ ಬೇಕು ಅಂದರೆ ಸಾಕು. ಅದರ ಮುಂದಿನ ಸಲವೂ ಅಷ್ಟೇ. ನೀವು ಆ ಮನೆ ಬಿಡುವ ಹಾಗೇ ಇಲ್ಲ. ಆದರೆ ಓನರ್ ಮಾತ್ರ ಒಂದು ದಿನ ಫೋನ್ ಮಾಡಿ, ನಿಮ್ಮನ್ನು ಬೇರೆ ಊರಿನ ಬೇರೆ ಓನರ್‌ಗೆ ಕೊಟ್ಟಿದ್ದೇನೆ, ನಾಳೆ ಹೊರಡಿ ಅನ್ನಬಹುದು.

ಅಮೆರಿಕದ ಬೇಸ್‌ಬಾಲ್ ಆಟಗಾರರು ಹತ್ತಿರ ಹತ್ತಿರ ನೂರು ವರ್ಷ ಇಂಥ ಕಾಗದಕ್ಕೆ ಸಹಿ ಹಾಕಿ ಆಡಿದರು. ಇವತ್ತು ಅವರ ಸಂಬಳ ಕೇಳಿದರೆ ತಲೆ ತಿರುಗುತ್ತದೆ. ನ್ಯೂಯಾರ್ಕ್ ಮೆಟ್ಸ್ ತಂಡ 2024ರ ಡಿಸೆಂಬರಿನಲ್ಲಿ ಹುವಾನ್ ಸೋಟೊ ಜೊತೆ 15 ವರ್ಷಕ್ಕೆ 76.5 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತು. ಆ ಕಾಗದದಿಂದ ಈ ಕಾಗದದವರೆಗೆ ಹೇಗೆ ಬಂದರು ಅನ್ನುವುದೇ ನಾನು ಇವತ್ತು ಹೇಳಬೇಕಾದ ಮಾತು.

ನನಗೆ ಇದರಲ್ಲಿ ಆಸಕ್ತಿ ಹುಟ್ಟಿದ್ದು ಆಟದಿಂದ ಅಲ್ಲ. ನಾನು ಇಪ್ಪತ್ತೆಂಟು ವರ್ಷ ಕಾರ್ಖಾನೆಯಲ್ಲಿ ಕೆಲಸ ಮಾಡಿದವನು. ಅದರಲ್ಲಿ ಒಂಬತ್ತು ವರ್ಷ ಯೂನಿಯನ್ ಕಡೆಯಿಂದ ಸಂಬಳದ ಮಾತುಕತೆಗೆ ಕೂತಿದ್ದೇನೆ. ಒಂದು ಪದಕ್ಕಾಗಿ, ಒಂದು ಅಲ್ಪವಿರಾಮಕ್ಕಾಗಿ ರಾತ್ರಿ ಎರಡು ಗಂಟೆವರೆಗೆ ಜಗಳ ಆಡಿದ್ದು ನೆನಪಿದೆ. ನಿವೃತ್ತಿ ಆದಮೇಲೆ 2018ರಲ್ಲಿ ಅಮೆರಿಕದ ಅಯೋವಾ ರಾಜ್ಯದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಅಲ್ಲಿ ಒಬ್ಬ ಹುಡುಗನನ್ನು ನೋಡಿದೆ. ಅವನ ವಿಷಯ ಆಮೇಲೆ ಹೇಳುತ್ತೇನೆ.

ಆಟದ ನಿಯಮ ನಿಮಗೆ ಗೊತ್ತಿರಬೇಕಾಗಿಲ್ಲ. ಇಷ್ಟು ಸಾಕು. ಮೇಲಿನ ಹಂತ ಮೇಜರ್ ಲೀಗ್. ಅದರಲ್ಲಿ 30 ತಂಡ. ಒಂದೊಂದು ತಂಡವೂ ವರ್ಷಕ್ಕೆ 162 ಪಂದ್ಯ ಆಡುತ್ತದೆ. ಅದರ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಮೈನರ್ ಲೀಗ್‌ಗಳಿವೆ. ಚೆಂಡು ಎಸೆಯುವವನು ಪಿಚರ್.

ಆಟಗಾರರನ್ನು ಕಟ್ಟಿಹಾಕಿದ ಆ ಸಾಲು ಹುಟ್ಟಿದ್ದು 1879ರಲ್ಲಿ. ಒಳ್ಳೆಯ ಆಟಗಾರರು ಜಾಸ್ತಿ ದುಡ್ಡು ಕೊಡುವ ಕಡೆ ಹೋಗುತ್ತಿದ್ದರು. ಮಾಲೀಕರು ಒಳಗೊಳಗೇ ಕೂತು ಒಂದು ತೀರ್ಮಾನ ಮಾಡಿದರು: ಒಂದೊಂದು ತಂಡ ಐದೈದು ಆಟಗಾರರ ಹೆಸರು ಬರೆದಿಡುವುದು, ಅವರನ್ನು ಬೇರೆ ಯಾರೂ ಮುಟ್ಟಬಾರದು. ಕೆಲವೇ ವರ್ಷದಲ್ಲಿ ಐದು ಹೋಗಿ ಇಡೀ ತಂಡಕ್ಕೆ ಅದೇ ಕಟ್ಟು ಬಂತು. ಇದಕ್ಕೆ ರಿಸರ್ವ್ ಕ್ಲಾಜ್ ಅನ್ನುತ್ತಾರೆ. ಆಟಗಾರನನ್ನು ಕಾದಿಡುವ ಕಲಮು ಅಂತ ಇಟ್ಟುಕೊಳ್ಳೋಣ. ಬಸ್ಸಿನ ಸೀಟಿಗೆ ಕರವಸ್ತ್ರ ಹಾಕಿ ಹಿಡಿದಿಟ್ಟುಕೊಳ್ಳುತ್ತೇವಲ್ಲ, ಹಾಗೆ ಮನುಷ್ಯರನ್ನು ಹಿಡಿದಿಟ್ಟರು. ಜಾನ್ ಮಾಂಟ್‌ಗೊಮೆರಿ ವಾರ್ಡ್ ಅನ್ನುವ ಆಟಗಾರ, ಕಾನೂನು ಓದಿದವರು, 1885ರಲ್ಲಿ ಮೊದಲ ಸಂಘ ಕಟ್ಟಿದರು. 1890ರಲ್ಲಿ ಆಟಗಾರರೇ ಒಂದು ಲೀಗ್ ನಡೆಸಿದರು. ಅದು ಒಂದೇ ವರ್ಷಕ್ಕೆ ಮುಚ್ಚಿತು.

ಇನ್ನು ಕೋರ್ಟು. ವ್ಯಾಪಾರಿಗಳು ಒಳಒಪ್ಪಂದ ಮಾಡಿಕೊಂಡು ಪೈಪೋಟಿ ಮುಗಿಸಬಾರದು ಅಂತ ಅಮೆರಿಕದಲ್ಲಿ ಕಾನೂನು ಇತ್ತು. 1922ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಬೇಸ್‌ಬಾಲ್ ಆ ಕಾನೂನಿನ ಅಡಿ ಬರುವುದಿಲ್ಲ ಅಂದುಬಿಟ್ಟಿತು. ರಾಜ್ಯ ರಾಜ್ಯಗಳ ನಡುವೆ ನಡೆಯುವ ವ್ಯಾಪಾರಕ್ಕೆ ಮಾತ್ರ ಆ ಕಾನೂನು. ಪಂದ್ಯ ಒಂದೇ ಊರಿನಲ್ಲಿ ನಡೆಯುತ್ತದೆ, ತಂಡಗಳ ಓಡಾಟ ಅದಕ್ಕೆ ಬರೀ ಪೂರಕ ಅನ್ನುವುದು ತರ್ಕ. ತಂಡಗಳು ಬೇಸಿಗೆಯೆಲ್ಲಾ ರೈಲಿನಲ್ಲಿ ರಾಜ್ಯದಿಂದ ರಾಜ್ಯಕ್ಕೆ ಓಡಾಡುತ್ತಿದ್ದವು! ನಾನು ಈ ತೀರ್ಪನ್ನು ಮತ್ತೆ ಮತ್ತೆ ಓದಿದ್ದೇನೆ. ನನ್ನ ಮನಸ್ಸಿಗೆ ಅದು ಇವತ್ತಿಗೂ ಒಪ್ಪಿಗೆಯಾಗಿಲ್ಲ.

ಹಾಗಾಗಿ ಆಟಗಾರನ ಕೈಯಲ್ಲಿ ಉಳಿದ ಆಯುಧ ಒಂದೇ, ಈ ಸಂಬಳಕ್ಕೆ ಆಡಲ್ಲ ಅಂತ ಮನೆಯಲ್ಲಿ ಕೂರುವುದು. ಬೇರೆ ತಂಡ ಕರೆಯುವ ಹಾಗಿಲ್ಲ. ಎಷ್ಟು ದಿನ ಕೂರುತ್ತಾನೆ? 1966ರಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಇಬ್ಬರು ಮಹಾ ಪಿಚರ್‌ಗಳು, ಸ್ಯಾಂಡಿ ಕೌಫಾಕ್ಸ್ ಮತ್ತು ಡಾನ್ ಡ್ರೈಸ್‌ಡೇಲ್, ಒಟ್ಟಿಗೆ ಕೂತರು. ಒಬ್ಬರನ್ನು ತೋರಿಸಿ ಇನ್ನೊಬ್ಬರ ಸಂಬಳ ಇಳಿಸುತ್ತಿದ್ದರು ಅನ್ನುವುದು ಅವರಿಗೆ ಗೊತ್ತಾಗಿತ್ತು. ಒಟ್ಟಿಗೆ ಕೂತಿದ್ದಕ್ಕೆ ಕೌಫಾಕ್ಸ್‌ಗೆ 1,25,000 ಡಾಲರ್, ಡ್ರೈಸ್‌ಡೇಲ್‌ಗೆ 1,10,000 ಡಾಲರ್ ಸಿಕ್ಕಿತು. ಇಬ್ಬರು ಸೇರಿದರೆ ಇಷ್ಟು, ಎಲ್ಲರೂ ಸೇರಿದರೆ? ಆಟಗಾರರ ಕೋಣೆಗಳಲ್ಲಿ ಆ ಮಾತು ಶುರುವಾಯಿತು.

ಅದೇ ವರ್ಷ ಆಟಗಾರರು ಮಾರ್ವಿನ್ ಮಿಲ್ಲರ್ ಅವರನ್ನು ತಮ್ಮ ಸಂಘದ ನಾಯಕರನ್ನಾಗಿ ಆರಿಸಿದರು. ಉಕ್ಕಿನ ಕಾರ್ಖಾನೆ ಕಾರ್ಮಿಕರ ಸಂಘದಲ್ಲಿ ಪಳಗಿದ ಅರ್ಥಶಾಸ್ತ್ರದವರು. ತೆಳ್ಳಗೆ ಮೀಸೆ, ಮೆತ್ತಗೆ ಮಾತು. ಹುಟ್ಟಿನಿಂದಲೇ ಬಲಗೈ ಊನ. ತಂಡಗಳು ಅಭ್ಯಾಸ ಮಾಡುವ ಊರೂರಿಗೆ ಹೋದರು. ಆಟಗಾರರ ಜೊತೆ ಕೂತು ಒಂದು ಲೆಕ್ಕ ತೋರಿಸಿದರು. 1947ರಲ್ಲಿ ಮೇಜರ್ ಲೀಗಿನ ಕನಿಷ್ಠ ಸಂಬಳ ವರ್ಷಕ್ಕೆ 5,000 ಡಾಲರ್. ಇಪ್ಪತ್ತು ವರ್ಷ ಆದಮೇಲೆ 6,000 ಡಾಲರ್. ಇಪ್ಪತ್ತು ವರ್ಷಕ್ಕೆ ಏರಿದ್ದು ಒಂದೇ ಸಾವಿರ! ಇಂಥ ಒಂದು ಅಂಕಿ ಸಿಕ್ಕಿದರೆ ಯೂನಿಯನ್‌ನವನಿಗೆ ಭಾಷಣ ಬೇಕಾಗುವುದಿಲ್ಲ. 1968ರಲ್ಲಿ ಮೊದಲ ಸಾಮೂಹಿಕ ಒಪ್ಪಂದ ಆಯಿತು. ಕನಿಷ್ಠ ಸಂಬಳ 10,000ಕ್ಕೆ ಬಂತು. 1970ರ ಒಪ್ಪಂದದಲ್ಲಿ ಇನ್ನೊಂದು ಸಿಕ್ಕಿತು, ಅದು ಆಗ ಯಾರ ಕಣ್ಣಿಗೂ ಅಷ್ಟು ಬೀಳಲಿಲ್ಲ. ಕರಾರಿನ ಬಗ್ಗೆ ತಕರಾರು ಬಂದರೆ ಹೊರಗಿನ ಮಧ್ಯಸ್ಥಗಾರರೊಬ್ಬರು ತೀರ್ಮಾನ ಮಾಡಬೇಕು ಅನ್ನುವುದು. ಅದುವರೆಗೆ ತೀರ್ಮಾನ ಮಾಡುತ್ತಿದ್ದವರು ಮಾಲೀಕರೇ ನೇಮಿಸಿದ ಕಮಿಷನರ್, ಅಂದರೆ ಲೀಗಿನ ಮುಖ್ಯಸ್ಥರು. ಈ ಮಧ್ಯಸ್ಥಗಾರರ ವಿಷಯ ನೆನಪಿಟ್ಟುಕೊಳ್ಳಿ.

ಈಗ ಕರ್ಟ್ ಫ್ಲಡ್.

ಫ್ಲಡ್ 1938ರಲ್ಲಿ ಹುಟ್ಟಿದರು. ಕಪ್ಪು ಜನಾಂಗದವರು. ಬೆಳೆದದ್ದು ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್. ಹದಿನೆಂಟು ತುಂಬಿದ ಹುಡುಗನನ್ನು ತಂಡದವರು ದಕ್ಷಿಣದ ಮೈನರ್ ಲೀಗ್ ಊರುಗಳಿಗೆ ಕಳಿಸಿದರು. ಬಿಳಿಯರ ಜೊತೆ ಹೋಟೆಲಿನಲ್ಲಿ ಮಲಗುವ ಹಾಗಿಲ್ಲ, ಊಟಕ್ಕೆ ಕೂರುವ ಹಾಗಿಲ್ಲ. ಸವಾನಾ ಊರಿನ ಒಂದು ದಿನದ ಬಗ್ಗೆ ಅವರೇ ಹೇಳಿಕೊಂಡಿದ್ದಾರೆ. ಅವತ್ತು ಒಂದೇ ದಿನ ಎರಡು ಪಂದ್ಯ. ಮೊದಲನೆಯದು ಮುಗಿದ ಮೇಲೆ ಎಲ್ಲರೂ ಬೆವರಿದ ಬಟ್ಟೆ ಬಿಚ್ಚಿ ಒಂದೇ ರಾಶಿಗೆ ಎಸೆದರು. ಫ್ಲಡ್ ಕೂಡ ಎಸೆದರು. ಬಟ್ಟೆ ನೋಡಿಕೊಳ್ಳುವ ಮನುಷ್ಯ ಬೈಯುತ್ತಾ ಬಂದು, ಕೋಲಿನ ತುದಿಯಿಂದ ಇವರ ಬಟ್ಟೆಯನ್ನು ಮಾತ್ರ ಎತ್ತಿ ಬೇರೆ ಹಾಕಿದ. ಅದು ಊರಿನ ಆಚೆ ಕಡೆ, ಕಪ್ಪು ಜನರ ಬಟ್ಟೆ ಒಗೆಯುವ ಅಂಗಡಿಗೆ ಹೋಗಬೇಕು. ಮಿಕ್ಕವರು ಮೈದಾನಕ್ಕೆ ಇಳಿದರು. ಬಟ್ಟೆ ವಾಪಸ್ ಬರುವತನಕ ಈ ಹುಡುಗ ಬರಿಮೈಯಲ್ಲಿ ಒಬ್ಬನೇ ಕೂತಿದ್ದ.

ಕೋಲಿನ ತುದಿ. ಇದನ್ನು ಓದಿದಾಗ ನನಗೆ ಪುಸ್ತಕ ಮುಚ್ಚಿಡಬೇಕು ಅನ್ನಿಸಿತು. ನಮ್ಮೂರುಗಳಲ್ಲಿ ಹೋಟೆಲಿನ ಹೊರಗೆ ಬೇರೆ ಲೋಟ ಇಟ್ಟಿದ್ದನ್ನು ಕಂಡವರಿಗೆ ಆ ಕೋಲು ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ಫ್ಲಡ್ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದಲ್ಲಿ ಹನ್ನೆರಡು ವರ್ಷ ಆಡಿದರು. 1964 ಮತ್ತು 1967ರಲ್ಲಿ ಆ ತಂಡ ವರ್ಲ್ಡ್ ಸೀರೀಸ್, ಅಂದರೆ ವರ್ಷದ ಕೊನೆಯ ಫೈನಲ್ ಸರಣಿ, ಗೆದ್ದಿತು. ಒಳ್ಳೆಯ ಫೀಲ್ಡರ್‌ಗಳಿಗೆ ಕೊಡುವ ಗೋಲ್ಡ್ ಗ್ಲವ್ ಪ್ರಶಸ್ತಿ ಫ್ಲಡ್‌ಗೆ ಸತತ ಏಳು ವರ್ಷ ಬಂತು. 1969ರಲ್ಲಿ ಸಂಬಳ 90,000 ಡಾಲರ್. ಅದೇ ವರ್ಷದ ಅಕ್ಟೋಬರಿನಲ್ಲಿ ಒಂದು ಫೋನ್ ಬಂತು. ನಿಮ್ಮನ್ನು ಫಿಲಡೆಲ್ಫಿಯಾ ಫಿಲೀಸ್ ತಂಡಕ್ಕೆ ಕೊಟ್ಟಿದ್ದೇವೆ. ಅಷ್ಟೇ.

ಫ್ಲಡ್‌ಗೆ ಆಗ 31 ವರ್ಷ. ಮನೆ, ಸ್ನೇಹಿತರು, ಒಂದು ಫೋಟೋ ಸ್ಟುಡಿಯೋ, ಎಲ್ಲಾ ಸೇಂಟ್ ಲೂಯಿಸ್‌ನಲ್ಲಿ. ಹೋಗಲ್ಲ ಅಂತ ತೀರ್ಮಾನ ಮಾಡಿದರು. ಮಿಲ್ಲರ್ ಹತ್ತಿರ ಹೋಗಿ, ಕೇಸು ಹಾಕುತ್ತೇನೆ ಅಂದರು. ಮಿಲ್ಲರ್ ಅವರನ್ನು ಹುರಿದುಂಬಿಸಲಿಲ್ಲ. ಗೆಲ್ಲುವ ಸಾಧ್ಯತೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಅಂದರು. ಗೆದ್ದರೂ ನಿಮಗೆ ವಯಸ್ಸಾಗಿರುತ್ತದೆ, ಮುಂದೆ ಯಾವ ತಂಡವೂ ಕೋಚ್ ಕೆಲಸ ಕೂಡ ಕೊಡುವುದಿಲ್ಲ ಅಂದರು. ಫ್ಲಡ್ ಕೇಳಿದ್ದು ಒಂದೇ ಪ್ರಶ್ನೆ. ಬೇರೆ ಆಟಗಾರರಿಗೆ, ಮುಂದೆ ಬರುವವರಿಗೆ ಇದರಿಂದ ಉಪಯೋಗ ಆಗುತ್ತದಾ? ಆಗುತ್ತದೆ ಅಂದರು ಮಿಲ್ಲರ್. ಹಾಗಾದರೆ ಸಾಕು ಅಂದರು ಫ್ಲಡ್.

ನಾನು ಯೂನಿಯನ್‌ನಲ್ಲಿದ್ದಾಗ ಒಬ್ಬ ಕೆಲಸಗಾರನಿಗೆ ಇಷ್ಟು ನೇರವಾಗಿ ಸತ್ಯ ಹೇಳಿದ್ದು ಕಡಿಮೆ. ನಾವು ಗೆಲ್ಲುತ್ತೇವೆ ಅಂತಲೇ ಹೇಳುತ್ತಿದ್ದೆವು. ಮಿಲ್ಲರ್ ಮೇಲೆ ನನಗೆ ಗೌರವ ಬಂದಿದ್ದು ಇದನ್ನು ಓದಿದ ಮೇಲೆ.

1969ರ ಡಿಸೆಂಬರ್ 24ರಂದು ಫ್ಲಡ್ ಕಮಿಷನರ್ ಬೋವಿ ಕುನ್ ಅವರಿಗೆ ಪತ್ರ ಬರೆದರು. ಮೇಜರ್ ಲೀಗಿನಲ್ಲಿ ಹನ್ನೆರಡು ವರ್ಷ ಆಡಿದ ಮೇಲೂ, ನನ್ನ ಇಷ್ಟ ಕೇಳದೆ ಕೊಳ್ಳುವ, ಮಾರುವ ಸ್ವತ್ತು ನಾನು ಅಂತ ನನಗೆ ಅನ್ನಿಸುವುದಿಲ್ಲ ಅಂದರು. ಕುನ್ ಉತ್ತರ ಬರೆದರು. ನೀವು ಮನುಷ್ಯರು, ಸ್ವತ್ತಲ್ಲ, ಒಪ್ಪುತ್ತೇನೆ, ಆದರೆ ನೀವು ಸಹಿ ಹಾಕಿದ ಕರಾರು ಹೀಗಿದೆ ಅನ್ನುವುದು ಅದರ ತಾತ್ಪರ್ಯ.

ಪತ್ರಿಕೆಗಳಲ್ಲಿ, ಟಿವಿಯಲ್ಲಿ ಒಂದೇ ಮಾತು. ವರ್ಷಕ್ಕೆ 90,000 ಡಾಲರ್ ತೆಗೆದುಕೊಳ್ಳುವವನಿಗೆ ಏನು ಕಷ್ಟ? ಫ್ಲಡ್ ಟಿವಿ ಸಂದರ್ಶನದಲ್ಲಿ, ಒಳ್ಳೆಯ ಸಂಬಳದ ಗುಲಾಮನೂ ಗುಲಾಮನೇ ಅಂದರು. ಈ ಮಾತು ಅತಿಯಾಯಿತು ಅಂತ ನಿಮಗೆ ಅನ್ನಿಸಬಹುದು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಜೀತ ಅಂದರೆ ಏನು ಅಂತ ನಮ್ಮ ನಾಡಿನವರಿಗೆ ಗೊತ್ತು, ಅದರಲ್ಲಿ ಹೊಟ್ಟೆಗೂ ಸರಿಯಾಗಿ ಇರುವುದಿಲ್ಲ. ಆದರೆ ಜೀತದ ಕಟ್ಟು ಇರುವುದು ಎಷ್ಟು ಕೊಡುತ್ತಾರೆ ಅನ್ನುವುದರಲ್ಲಲ್ಲ, ಬಿಟ್ಟು ಹೋಗಬಹುದಾ ಅನ್ನುವುದರಲ್ಲಿ. ಕೋಲಿನ ತುದಿಯಲ್ಲಿ ತನ್ನ ಬಟ್ಟೆ ನೋಡಿದ ಮನುಷ್ಯ ಆ ಪದವನ್ನು ಸುಮ್ನೆ ಬಳಸಿರಲಾರರು.

1970ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ವಿಚಾರಣೆ ನಡೆಯಿತು. ಮೇಜರ್ ಲೀಗಿನಲ್ಲಿ ಕಪ್ಪು ಜನರಿಗೆ ಅಡ್ಡವಾಗಿದ್ದ ಗೋಡೆ ಒಡೆದ ಜಾಕಿ ರಾಬಿನ್ಸನ್ ಬಂದು ಫ್ಲಡ್ ಪರ ಸಾಕ್ಷಿ ಹೇಳಿದರು. ಹಳೆಯ ಕಾಲದ ದೊಡ್ಡ ಆಟಗಾರ ಹ್ಯಾಂಕ್ ಗ್ರೀನ್‌ಬರ್ಗ್ ಬಂದರು. ಆಗ ಆಡುತ್ತಿದ್ದ ಆಟಗಾರರಲ್ಲಿ ಒಬ್ಬರೂ ಬರಲಿಲ್ಲ.

1972ರ ಜೂನಿನಲ್ಲಿ ಸುಪ್ರೀಂ ಕೋರ್ಟು 5-3ರಲ್ಲಿ ಫ್ಲಡ್ ವಿರುದ್ಧ ತೀರ್ಪು ಕೊಟ್ಟಿತು. ತೀರ್ಪು ಬರೆದ ನ್ಯಾಯಮೂರ್ತಿ ಬ್ಲ್ಯಾಕ್‌ಮನ್ ಮೊದಲ ಪುಟಗಳಲ್ಲಿ ಆಟದ ಹಿರಿಮೆಯನ್ನು ಹೊಗಳಿ, ಎಂಬತ್ತಕ್ಕೂ ಜಾಸ್ತಿ ಹಳೆಯ ಆಟಗಾರರ ಹೆಸರು ಪಟ್ಟಿ ಮಾಡಿದರು. 1922ರ ತೀರ್ಪು ಅಡ್ಡಾದಿಡ್ಡಿಯಾಗಿದೆ ಅಂತಲೂ ಒಪ್ಪಿದರು. ಆದರೆ ಸರಿಪಡಿಸುವುದು ಸಂಸತ್ತಿನ ಕೆಲಸ ಅಂದರು. ತಪ್ಪು ಅಂತ ಗೊತ್ತು, ಹಳೆಯ ತಪ್ಪು, ಹಾಗಾಗಿ ಇರಲಿ. ಫ್ಲಡ್ 1970ರಲ್ಲಿ ಇಡೀ ವರ್ಷ ಆಡಿರಲಿಲ್ಲ. 1971ರಲ್ಲಿ ವಾಷಿಂಗ್ಟನ್ ಸೆನೆಟರ್ಸ್ ತಂಡಕ್ಕೆ 13 ಪಂದ್ಯ ಆಡಿದರು. ಕೈ ಕಾಲು ಮೊದಲಿನ ಹಾಗೆ ಓಡಲಿಲ್ಲ. ಬಿಟ್ಟು ಸ್ಪೇನ್ ದೇಶಕ್ಕೆ ಹೊರಟುಹೋದರು. ಮಯೋರ್ಕಾ ದ್ವೀಪದಲ್ಲಿ ಒಂದು ಬಾರ್ ನಡೆಸಿದರು.

ಕೋರ್ಟಿನ ಬಾಗಿಲು ಮುಚ್ಚಿತು. ಆಗ ಮಿಲ್ಲರ್ ಆ ಸಾಲನ್ನೇ ಮತ್ತೆ ಓದಿದರು. ಆಟಗಾರ ಹೊಸ ಕರಾರಿಗೆ ಸಹಿ ಹಾಕದಿದ್ದರೆ, ಹಳೆಯ ಕರಾರನ್ನು ಅದೇ ಷರತ್ತುಗಳ ಮೇಲೆ 'ಒಂದು ವರ್ಷದ ಅವಧಿಗೆ' ಮುಂದುವರಿಸುವ ಹಕ್ಕು ಕ್ಲಬ್ಬಿಗೆ ಇದೆ. ಇದರಲ್ಲಿ ಒಂದು ವರ್ಷ ಅಂದರೆ ಎಷ್ಟು ವರ್ಷ? ಮಾಲೀಕರು ಹೇಳುತ್ತಾ ಬಂದಿದ್ದು, ಅದೇ ಷರತ್ತು ಅಂದಮೇಲೆ ಮುಂದುವರಿಸುವ ಷರತ್ತೂ ಸೇರಿತು, ಹಾಗಾಗಿ ವರ್ಷ ವರ್ಷ ಸೇರಿ ಆಯುಷ್ಯಪೂರ್ತಿ. ಮಿಲ್ಲರ್ ಹೇಳಿದ್ದು, ಒಂದು ವರ್ಷ ಅಂದರೆ ಒಂದು ವರ್ಷ. ಇದನ್ನು ಪರೀಕ್ಷೆ ಮಾಡಬೇಕಾದರೆ ಒಬ್ಬ ಆಟಗಾರ ಸಹಿ ಹಾಕದೆ ಇಡೀ ವರ್ಷ ಆಡಿ ತೋರಿಸಬೇಕಿತ್ತು. ಹಲವರು ಶುರುಮಾಡಿದರು, ನಡುವೆ ಮಾಲೀಕರು ದುಡ್ಡು ಏರಿಸಿದಾಗ ಸಹಿ ಹಾಕಿಬಿಟ್ಟರು. ಅವರನ್ನು ನಾನು ತಪ್ಪು ಅನ್ನುವುದಿಲ್ಲ. ಮನೆ, ಮಕ್ಕಳು ಎಲ್ಲರಿಗೂ ಇರುತ್ತಾರೆ.

1975ರಲ್ಲಿ ಡಾಡ್ಜರ್ಸ್ ತಂಡದ ಪಿಚರ್ ಆಂಡಿ ಮೆಸ್ಸರ್‌ಸ್ಮಿತ್ ಸಹಿ ಹಾಕದೆ ಆಡಿದರು. ಅವರು ಕೇಳಿದ್ದು ದುಡ್ಡಿಗಿಂತ ಜಾಸ್ತಿ ಒಂದು ಮಾತು. ನನ್ನನ್ನು ಕೇಳದೆ ಬೇರೆ ತಂಡಕ್ಕೆ ಕೊಡಬೇಡಿ. ಮಾಲೀಕರು ಒಪ್ಪಲಿಲ್ಲ. ವರ್ಷದ ಕೊನೆಗೆ ಅವರೂ ಸಹಿ ಹಾಕಿಬಿಟ್ಟರೆ? ಮಿಲ್ಲರ್‌ಗೆ ಇನ್ನೊಂದು ಹೆಸರು ಬೇಕಾಗಿತ್ತು.

ಡೇವ್ ಮ್ಯಾಕ್‌ನಾಲಿ ಅಂತ ಒಬ್ಬರಿದ್ದರು. ಒಂದು ಕಾಲದಲ್ಲಿ ಬಾಲ್ಟಿಮೋರ್ ತಂಡದ ಹೆಸರಾಂತ ಪಿಚರ್. 1975ರಲ್ಲಿ ಮಾಂಟ್ರಿಯಲ್ ತಂಡದಲ್ಲಿದ್ದರು. ಅವರೂ ಸಹಿ ಹಾಕಿರಲಿಲ್ಲ. ತೋಳು ಕೈಕೊಟ್ಟಿತ್ತು. ಜೂನಿನಲ್ಲಿ ಆಟ ಬಿಟ್ಟು ತಮ್ಮ ಊರು ಬಿಲ್ಲಿಂಗ್ಸ್‌ಗೆ ಹೋಗಿ ಕಾರು ಮಾರುವ ವ್ಯವಹಾರ ನೋಡಿಕೊಳ್ಳುತ್ತಿದ್ದರು. ಮಿಲ್ಲರ್ ಫೋನ್ ಮಾಡಿ, ಅರ್ಜಿಯಲ್ಲಿ ನಿಮ್ಮ ಹೆಸರೂ ಸೇರಿಸಬಹುದಾ ಅಂತ ಕೇಳಿದರು. ಸೇರಿಸಿ ಅಂದರು ಮ್ಯಾಕ್‌ನಾಲಿ. ಇದು ತಿಳಿದು ಮಾಂಟ್ರಿಯಲ್ ತಂಡದ ಮುಖ್ಯಸ್ಥರೇ ಬಿಲ್ಲಿಂಗ್ಸ್‌ಗೆ ಹೋದರು. ಸಹಿಗೆ 25,000 ಡಾಲರ್ ಕೊಡುತ್ತೇವೆ, ಅಭ್ಯಾಸ ಶಿಬಿರಕ್ಕೆ ಬಂದರೆ ಸಾಕು, ತಂಡದಲ್ಲಿ ಉಳಿದರೆ 1,25,000 ಅಂದರು. ಚೆಂಡು ಎಸೆಯಲಾಗದ ಮನುಷ್ಯನಿಗೆ! ಮ್ಯಾಕ್‌ನಾಲಿ ಯೋಚನೆ ಮಾಡಿ, ಬೇಡ ಅಂದರು. ಆಡುವ ಉದ್ದೇಶವೇ ಇಲ್ಲದೆ ದುಡ್ಡು ತೆಗೆದುಕೊಳ್ಳುವುದು ಸರಿಯಲ್ಲ ಅನ್ನಿಸಿತು ಅವರಿಗೆ.

ಈ ಇಡೀ ಚರಿತ್ರೆಯಲ್ಲಿ ನನಗೆ ಬಹಳ ಹತ್ತಿರ ಅನ್ನಿಸುವ ಮನುಷ್ಯ ಇವರೇ. ಫ್ಲಡ್ ಹೆಸರು ಅಮೆರಿಕದಲ್ಲಿ ಎಷ್ಟೋ ಜನರಿಗೆ ಗೊತ್ತು. ಮ್ಯಾಕ್‌ನಾಲಿ ಹೆಸರು ತೀರ್ಪಿನ ಶೀರ್ಷಿಕೆಯಲ್ಲಿ ಎರಡನೆಯದಾಗಿ ಉಳಿಯಿತು. ಅವರು ಮತ್ತೆ ಒಂದು ಪಂದ್ಯವನ್ನೂ ಆಡಲಿಲ್ಲ. ಒಂದು ಡಾಲರ್ ಲಾಭವೂ ಆಗಲಿಲ್ಲ.

ಮಧ್ಯಸ್ಥಗಾರ ಪೀಟರ್ ಸೈಟ್ಜ್ ಇಬ್ಬರಿಗೂ ರಾಜಿ ಮಾಡಿಕೊಳ್ಳಿ ಅಂತ ಹೇಳಿ ನೋಡಿದರು. ಮಾಲೀಕರು ಕೇಳಲಿಲ್ಲ. 1975ರ ಡಿಸೆಂಬರ್ 23ರಂದು ತೀರ್ಪು ಕೊಟ್ಟರು. ಒಂದು ವರ್ಷ ಅಂದರೆ ಒಂದೇ ವರ್ಷ. ಇಬ್ಬರೂ ಸ್ವತಂತ್ರರು. ಮಾಲೀಕರು ಅವತ್ತೇ ಸೈಟ್ಜ್ ಅವರನ್ನು ಕೆಲಸದಿಂದ ತೆಗೆದರು. ಆಮೇಲೆ ಕೋರ್ಟಿಗೆ ಹೋದರು, ಎರಡು ಕಡೆ ಸೋತರು. ಸುಪ್ರೀಂ ಕೋರ್ಟು ಐವತ್ತು ವರ್ಷ ಕಾಪಾಡಿಕೊಂಡು ಬಂದ ಕಟ್ಟಡ, ಹಳೆಯ ಒಪ್ಪಂದದಲ್ಲಿ ಯಾರೂ ಗಮನಿಸದೆ ಸೇರಿಸಿದ ಆ ಮಧ್ಯಸ್ಥಿಕೆಯ ಕಲಮಿನಿಂದ ಕುಸಿಯಿತು.

ಇಲ್ಲಿ ಮಿಲ್ಲರ್ ಮಾಡಿದ ಇನ್ನೊಂದು ಕೆಲಸ ನೋಡಿ. ಓಕ್‌ಲ್ಯಾಂಡ್ ತಂಡದ ಮಾಲೀಕ ಚಾರ್ಲಿ ಫಿನ್ಲಿ, ಹಾಗಾದರೆ ಎಲ್ಲಾ ಆಟಗಾರರನ್ನೂ ಪ್ರತಿ ವರ್ಷ ಬಿಟ್ಟುಬಿಡಿ ಅಂದರು. ಮಿಲ್ಲರ್‌ಗೆ ಭಯವಾಗಿದ್ದು ಆ ಮಾತು ಕೇಳಿ! ಮಾರುಕಟ್ಟೆಗೆ ಒಂದೇ ದಿನ ನೂರು ಲಾರಿ ಟೊಮೆಟೊ ಬಂದರೆ ಬೆಲೆ ಏನಾಗುತ್ತದೆ ಅಂತ ಕೋಲಾರದ ರೈತರನ್ನು ಕೇಳಿ. ಅದೃಷ್ಟಕ್ಕೆ ಮಿಕ್ಕ ಮಾಲೀಕರು ಫಿನ್ಲಿ ಮಾತು ಕೇಳಲಿಲ್ಲ. 1976ರ ಒಪ್ಪಂದದಲ್ಲಿ ಆರು ವರ್ಷ ಆಡಿದವರಿಗೆ ಮಾತ್ರ ಸ್ವಾತಂತ್ರ್ಯ ಅಂತ ಆಯಿತು. ವರ್ಷಕ್ಕೆ ಸ್ವಲ್ಪ ಜನ ಮಾತ್ರ ಹೊರಗೆ ಬರುತ್ತಾರೆ, ಅವರಿಗಾಗಿ ತಂಡಗಳು ಪೈಪೋಟಿ ಮಾಡುತ್ತವೆ, ಅವರ ಬೆಲೆ ನೋಡಿ ಮಿಕ್ಕವರ ಬೆಲೆಯೂ ಏರುತ್ತದೆ. 1976ರಲ್ಲಿ ಸರಾಸರಿ ಸಂಬಳ ಸುಮಾರು 51,000 ಡಾಲರ್. 1980ರಲ್ಲಿ ಸುಮಾರು 1,43,000. ಈಗ 50 ಲಕ್ಷ ಡಾಲರ್ ದಾಟಿದೆ.

ಆದರೆ ಆರು ವರ್ಷ ಅಂದಮೇಲೆ ಹಳೆಯ ಪ್ರಶ್ನೆ ಮತ್ತೆ ಬಂತು, ಅಲ್ವಾ? ಒಂದು ವರ್ಷ ಅಂದರೆ ಎಷ್ಟು? ಈಗಿನ ಲೆಕ್ಕದಲ್ಲಿ ಮೇಜರ್ ಲೀಗ್ ತಂಡದಲ್ಲಿ 172 ದಿನ ಇದ್ದರೆ ಒಂದು ವರ್ಷ. 2015ರಲ್ಲಿ ಶಿಕಾಗೊ ಕಬ್ಸ್ ತಂಡದಲ್ಲಿ ಕ್ರಿಸ್ ಬ್ರಯಂಟ್ ಅನ್ನುವ ಹುಡುಗ ಇದ್ದ. ಅಭ್ಯಾಸ ಪಂದ್ಯಗಳಲ್ಲಿ ಎಲ್ಲರಿಗಿಂತ ಜಾಸ್ತಿ ಹೋಮ್ ರನ್, ನಮ್ಮ ಸಿಕ್ಸರ್ ಥರದ್ದು, ಹೊಡೆದ. ಇನ್ನೂ ಫೀಲ್ಡಿಂಗ್ ಕಲಿಯಬೇಕು ಅಂತ ಮೈನರ್ ಲೀಗಿಗೆ ಕಳಿಸಿದರು. ಏಪ್ರಿಲ್ 17ಕ್ಕೆ ಮೇಲೆ ಕರೆಸಿದರು. ವರ್ಷದ ಕೊನೆಗೆ ಎಣಿಸಿದರೆ ಬ್ರಯಂಟ್‌ಗೆ 171 ದಿನ. ಒಂದು ದಿನ ಕಡಿಮೆ! ಅದರಿಂದ ಅವನ ಸ್ವಾತಂತ್ರ್ಯ ಒಂದು ಪೂರ್ತಿ ವರ್ಷ ಮುಂದೆ ಹೋಯಿತು. ಸಂಘ ತಕರಾರು ಹಾಕಿತು. 2020ರಲ್ಲಿ ಮಧ್ಯಸ್ಥಗಾರರು ತಂಡದ ಪರ ಹೇಳಿದರು. ಕಾಯಂ ಮಾಡಬೇಕಾಗುತ್ತದೆ ಅಂತ 240ನೇ ದಿನ ಬರುವ ಮೊದಲೇ ಕೆಲಸದಿಂದ ಬಿಡಿಸಿ ಮತ್ತೆ ಸೇರಿಸಿಕೊಳ್ಳುವುದನ್ನು ನಾವು ಇಲ್ಲಿ ಕಂಡಿದ್ದೇವೆ. ಕ್ಯಾಲೆಂಡರ್ ಹಿಡಿದು ಕೂರುವ ಕೈ ಎಲ್ಲಾ ದೇಶದಲ್ಲೂ ಒಂದೇ.

ಆರು ವರ್ಷ ಮುಗಿಯದವರ ಸಂಬಳಕ್ಕೆ ಇನ್ನೊಂದು ದಾರಿ ಇದೆ. ಸಾಮಾನ್ಯವಾಗಿ ಮೂರು ವರ್ಷ ಆದವರು ಮಧ್ಯಸ್ಥಗಾರರ ಮುಂದೆ ಹೋಗಬಹುದು. ಆಟಗಾರ ಒಂದು ಅಂಕಿ ಹೇಳುತ್ತಾನೆ, ತಂಡ ಒಂದು ಅಂಕಿ ಹೇಳುತ್ತದೆ. ಮಧ್ಯಸ್ಥಗಾರರು ಎರಡರಲ್ಲಿ ಒಂದನ್ನೇ ಆರಿಸಬೇಕು. ನಡುವಿನ ಅಂಕಿಗೆ ಇಳಿಸುವ ಹಾಗಿಲ್ಲ. ನಾವು ಸಂತೆಯಲ್ಲಿ ನೂರು, ಅರವತ್ತು ಅಂತ ಎಳೆದಾಡಿ ಎಂಬತ್ತಕ್ಕೆ ನಿಲ್ಲುತ್ತೇವಲ್ಲ, ಅದು ಇಲ್ಲಿ ನಡೆಯುವುದಿಲ್ಲ. ಅತಿಯಾಗಿ ಕೇಳಿದವನು ಸೋಲುತ್ತಾನೆ. ಅದಕ್ಕೇ ಎರಡೂ ಕಡೆಯವರು ಹದವಾಗಿ ಕೇಳುತ್ತಾರೆ. ಬಹಳ ಕೇಸುಗಳು ವಿಚಾರಣೆಗೆ ಮೊದಲೇ ಮುಗಿದುಹೋಗುತ್ತವೆ. ನಮ್ಮ ಮಾತುಕತೆಗಳಲ್ಲಿ ಇಂಥದ್ದೊಂದು ಇದ್ದಿದ್ದರೆ ಎಷ್ಟೋ ರಾತ್ರಿ ಉಳಿಯುತ್ತಿತ್ತು.

ಇನ್ನು ಮುಷ್ಕರಗಳು. 1972ರಲ್ಲಿ ಪಿಂಚಣಿಗಾಗಿ 13 ದಿನ, 86 ಪಂದ್ಯ ರದ್ದು. 1981ರಲ್ಲಿ ಬೇಸಿಗೆಯ ನಡುವೆ ಐವತ್ತು ದಿನ, 713 ಪಂದ್ಯ ರದ್ದು. 1985ರಿಂದ ಮೂರು ವರ್ಷ ಮಾಲೀಕರು ಒಳಗೊಳಗೇ ಮಾತಾಡಿಕೊಂಡು ಯಾರೂ ಬೇರೆಯವರ ಆಟಗಾರರನ್ನು ಕರೆಯದ ಹಾಗೆ ನೋಡಿಕೊಂಡರು. ಸಿಕ್ಕಿಬಿದ್ದು 28 ಕೋಟಿ ಡಾಲರ್ ಕಟ್ಟಿಕೊಟ್ಟರು.

ದೊಡ್ಡದು 1994ರದ್ದು. ಮಾಲೀಕರು ಸಂಬಳಕ್ಕೆ ಮಿತಿ ಹಾಕಬೇಕು ಅಂದರು. ಆಟಗಾರರು ಆಗಸ್ಟ್ 12ರಿಂದ ಆಡಲಿಲ್ಲ. ಎರಡು ಮಹಾಯುದ್ಧಗಳಲ್ಲೂ ನಿಲ್ಲದ ವರ್ಲ್ಡ್ ಸೀರೀಸ್ ಆ ವರ್ಷ ನಡೆಯಲಿಲ್ಲ. ಮಾಂಟ್ರಿಯಲ್ ಎಕ್ಸ್‌ಪೋಸ್ ಅವತ್ತಿಗೆ 74 ಗೆದ್ದು 40 ಸೋತು ಇಡೀ ಲೀಗಿನಲ್ಲೇ ಮುಂದಿತ್ತು. ಆ ತಂಡಕ್ಕೆ ಅಂಥ ವರ್ಷ ಮತ್ತೆ ಬರಲಿಲ್ಲ. ಹತ್ತು ವರ್ಷದ ಮೇಲೆ ತಂಡವೇ ಊರು ಬಿಟ್ಟು ವಾಷಿಂಗ್ಟನ್‌ಗೆ ಹೋಯಿತು. ಮಾಲೀಕರು 1995ರ ವಸಂತದಲ್ಲಿ ಬದಲಿ ಆಟಗಾರರನ್ನು ತಂದರು. ಡೆಟ್ರಾಯಿಟ್ ತಂಡದ ಮ್ಯಾನೇಜರ್ ಸ್ಪಾರ್ಕಿ ಆಂಡರ್‌ಸನ್, ಅರವತ್ತು ದಾಟಿದವರು, ಬದಲಿಗಳಿಗೆ ಆಟ ಹೇಳಿಕೊಡಲ್ಲ ಅಂತ ಸಂಬಳವಿಲ್ಲದ ರಜೆ ಹಾಕಿ ಹೊರಟರು. ಮಾರ್ಚ್ 31ರಂದು ನ್ಯೂಯಾರ್ಕಿನ ನ್ಯಾಯಾಧೀಶರೊಬ್ಬರು, ಹಳೆಯ ಒಪ್ಪಂದದ ನಿಯಮಗಳನ್ನು ಮಾಲೀಕರು ಏಕಪಕ್ಷೀಯವಾಗಿ ಬದಲಿಸುವ ಹಾಗಿಲ್ಲ ಅಂತ ತಡೆ ಕೊಟ್ಟರು. 232 ದಿನದ ಮುಷ್ಕರ ಮುಗಿಯಿತು. ಆ ನ್ಯಾಯಾಧೀಶರು ಸೋನಿಯಾ ಸೊಟೊಮಯೋರ್. ಈಗ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿದ್ದಾರೆ.

ನಾನು ಆಟಗಾರರ ಪರ. ಆದರೂ ಒಂದು ಮಾತು ಹೇಳಲೇಬೇಕು. ಮೈದಾನದಲ್ಲಿ ತಿಂಡಿ ಮಾರುವವರು, ಟಿಕೆಟ್ ಹರಿಯುವವರು, ಪಾರ್ಕಿಂಗ್ ನೋಡಿಕೊಳ್ಳುವವರು, ಇವರಿಗೆ ಆ ತಿಂಗಳುಗಳಲ್ಲಿ ಕೂಲಿ ಇರಲಿಲ್ಲ. ಅವರ ಪರವಾಗಿ ಆ ಮೇಜಿಗೆ ಯಾರೂ ಕೂತಿರಲಿಲ್ಲ. ನಮ್ಮ ಕಾರ್ಖಾನೆಯಲ್ಲಿ ಮುಷ್ಕರ ಆದಾಗ ಗೇಟಿನ ಎದುರು ಟೀ ಅಂಗಡಿ ಇಟ್ಟಿದ್ದವರು ನಮಗೆ ನಲವತ್ತು ದಿನ ಸಾಲ ಕೊಟ್ಟರು. ನಾವು ಗೆದ್ದೆವು, ಬಾಕಿ ಸಂಬಳ ಬಂತು, ಸಾಲ ತೀರಿಸಿದೆವು. ಅವರಿಗೆ ಹೋದ ನಲವತ್ತು ದಿನದ ವ್ಯಾಪಾರ ಒಪ್ಪಂದದ ಯಾವ ಕಲಮಿನಲ್ಲೂ ಇರಲಿಲ್ಲ.

ಈಗ ಅಯೋವಾದ ಹುಡುಗ. ಮಗಳ ಪಕ್ಕದ ಮನೆಯವರು ಆ ಊರಿನ ಮೈನರ್ ಲೀಗ್ ತಂಡದ ಇಬ್ಬರು ಆಟಗಾರರಿಗೆ ಬೇಸಿಗೆಯಲ್ಲಿ ಜಾಗ ಕೊಟ್ಟಿದ್ದರು. ಅಲ್ಲಿ ಅದು ರೂಢಿ, ಊರಿನ ಮನೆಗಳವರು ಹುಡುಗರನ್ನು ಇಟ್ಟುಕೊಳ್ಳುತ್ತಿದ್ದರು. ಒಬ್ಬ ಡೊಮಿನಿಕನ್ ದೇಶದವನು. ಇಪ್ಪತ್ತು ವರ್ಷ. ನೆಲಮಾಳಿಗೆಯಲ್ಲಿ ಗಾಳಿ ತುಂಬುವ ಹಾಸಿಗೆ. ಪಂದ್ಯ ಮುಗಿಸಿ ರಾತ್ರಿ ಹನ್ನೊಂದಕ್ಕೆ ಬಂದರೆ, ಆ ಮನೆಯ ಅಜ್ಜಿ ಅವನಿಗೆ ಅನ್ನ ಹುರುಳಿಕಾಳು ಬಿಸಿ ಮಾಡಿ ಕೊಡುತ್ತಿದ್ದರು. ನನ್ನ ಮಗಳು ಒಂದು ದಿನ ಚಿತ್ರಾನ್ನ ಕಳಿಸಿದಳು. ಡಬ್ಬಿ ವಾಪಸ್ ಕೊಡಲು ಅವನೇ ಬಂದ, ತೊಳೆದು ಒರೆಸಿ ತಂದಿದ್ದ. ಸಂಬಳ ಕೇಳಿದೆ. ಆ ಹಂತದಲ್ಲಿ ಆಗ ಕನಿಷ್ಠ ಸಂಬಳ ವಾರಕ್ಕೆ 290 ಡಾಲರ್. ಅದೂ ಪಂದ್ಯ ನಡೆಯುವ ಐದು ತಿಂಗಳು ಮಾತ್ರ. ಮಿಕ್ಕ ತಿಂಗಳು ಮೈ ಸರಿಯಾಗಿ ಇಟ್ಟುಕೊಳ್ಳಬೇಕು, ಸಂಬಳ ಇಲ್ಲ. ಕರಾರು ಎಷ್ಟು ವರ್ಷ ಅಂದೆ. ಏಳು ಬೆರಳು ತೋರಿಸಿದ.

ಆ ವರ್ಷವೇ ಅಮೆರಿಕದ ಸಂಸತ್ತು ಇಂಥ ಹುಡುಗರಿಗೆ ಓವರ್‌ಟೈಮ್ ಕಾನೂನು ಅನ್ವಯಿಸದ ಹಾಗೆ ತಿದ್ದುಪಡಿ ಮಾಡಿತ್ತು. ಮೇಜರ್ ಲೀಗ್ ಆಟಗಾರರ ಸಂಘ ಐವತ್ತು ವರ್ಷ ಇವರನ್ನು ಒಳಗೆ ಸೇರಿಸಿಕೊಂಡಿರಲಿಲ್ಲ. ಇದು ಆ ಸಂಘದ ಚರಿತ್ರೆಯಲ್ಲಿ ನನಗೆ ನೋವು ಕೊಡುವ ಪುಟ. ಕಾಯಂ ನೌಕರರ ಯೂನಿಯನ್ ಗುತ್ತಿಗೆ ಹುಡುಗರ ಕಡೆ ತಿರುಗಿ ನೋಡದಿದ್ದ ಹಾಗೆ. ಆ ತಪ್ಪು ನಾವೂ ಮಾಡಿದ್ದೇವೆ.

2022ರ ಸೆಪ್ಟೆಂಬರಿನಲ್ಲಿ ಅದು ಬದಲಾಯಿತು. ಐದು ಸಾವಿರಕ್ಕೂ ಜಾಸ್ತಿ ಮೈನರ್ ಲೀಗ್ ಆಟಗಾರರು ಸಂಘಕ್ಕೆ ಸೇರಿದರು. 2023ರಲ್ಲಿ ಅವರ ಮೊದಲ ಒಪ್ಪಂದ ಆಯಿತು. ಮೈನರ್ ಲೀಗಿನ ಕೆಳಗಿನ ಎ ಹಂತದಲ್ಲಿ ವರ್ಷಕ್ಕೆ 11,000 ಡಾಲರ್ ಇದ್ದದ್ದು 26,200 ಆಯಿತು. ಎಲ್ಲಕ್ಕಿಂತ ಮೇಲಿನ ತ್ರಿಬಲ್ ಎ ಹಂತದಲ್ಲಿ 17,500 ಇದ್ದದ್ದು 35,800. ಮನೆ ಕೊಡುವುದು ತಂಡದ ಜವಾಬ್ದಾರಿ. ಆದರೆ ಡೊಮಿನಿಕನ್ ದೇಶದಲ್ಲೇ ನಡೆಯುವ ಬೇಸಿಗೆ ಲೀಗಿನ ಹುಡುಗರು ಈ ಒಪ್ಪಂದದಲ್ಲಿ ಇಲ್ಲ. ನನ್ನ ಚಿತ್ರಾನ್ನದ ಹುಡುಗ ಆಟ ಶುರುಮಾಡಿದ್ದು ಅಲ್ಲಿಂದಲೇ.

ಮೇಜರ್ ಲೀಗಿನ ಈಗಿನ ಒಪ್ಪಂದ, 99 ದಿನದ ಲಾಕೌಟ್ ಆದಮೇಲೆ 2022ರ ಮಾರ್ಚಿನಲ್ಲಿ ಆಗಿದ್ದು, 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ.

ಮಾತು ಮುಗಿದ ಮೇಲೆ ಮೂರ್ನಾಲ್ಕು ಜನ ಪ್ರಶ್ನೆ ಕೇಳಿದರು. ಆಟಕ್ಕೆ ಇಷ್ಟು ದುಡ್ಡು ಯಾಕೆ ಅಂದರು ಒಬ್ಬ ಹಿರಿಯರು. ಟಿವಿಯಿಂದ, ಟಿಕೆಟ್‌ನಿಂದ ಆ ದುಡ್ಡು ಬಂದೇ ಬರುತ್ತದೆ, ಆಟಗಾರ ಕಡಿಮೆ ತೆಗೆದುಕೊಂಡರೆ ಅದು ಟಿಕೆಟ್ ಕೊಂಡವರಿಗೆ ವಾಪಸ್ ಹೋಗುವುದಿಲ್ಲ, ಮಾಲೀಕರ ಹತ್ತಿರ ಉಳಿಯುತ್ತದೆ ಅಂದೆ. ಇನ್ನೊಬ್ಬರು ಐಪಿಎಲ್ ಬಗ್ಗೆ ಕೇಳಿದರು. ಹರಾಜಿನಲ್ಲಿ ಆಟಗಾರ ಮೂಲ ಬೆಲೆ ಹೇಳಬಹುದು, ಯಾವ ತಂಡ ಅಂತ ಹೇಳುವ ಹಾಗಿಲ್ಲ. 2019ರಲ್ಲಿ ಶುರುವಾದ ನಮ್ಮ ಕ್ರಿಕೆಟಿಗರ ಸಂಘದಲ್ಲಿ ಇರುವವರು ನಿವೃತ್ತರು, ಈಗ ಆಡುತ್ತಿರುವವರಿಗೆ ಯೂನಿಯನ್ ಇಲ್ಲ. ಇಷ್ಟನ್ನು ಹೇಳಿದೆ.

ಕಾನೂನು ಓದುತ್ತಿರುವ ಒಬ್ಬ ಹುಡುಗಿ ಹಿಂದಿನ ಸಾಲಿನಲ್ಲಿ ಎದ್ದು ನಿಂತು, ಸರ್, ಫ್ಲಡ್ ವಿಚಾರಣೆಗೆ ಒಬ್ಬ ಆಟಗಾರನೂ ಯಾಕೆ ಬರಲಿಲ್ಲ ಅಂತ ಕೇಳಿದಳು.

ಭಯ, ಅಮ್ಮಾ, ಅಂದೆ. ಅವರ ಆಪ್ತ ಗೆಳೆಯ, ಮಹಾ ಪಿಚರ್ ಬಾಬ್ ಗಿಬ್ಸನ್, ನಿನ್ನ ಹಿಂದೆ ಇರುತ್ತೇನೆ, ಆದರೆ ಕೆಲವು ಹೆಜ್ಜೆ ಹಿಂದೆ ಅಂದಿದ್ದರಂತೆ. 1994ರಲ್ಲಿ ಮುಷ್ಕರ ನಡೆಯುತ್ತಿದ್ದಾಗ ಆಟಗಾರರು ಅಟ್ಲಾಂಟಾದಲ್ಲಿ ಸಭೆ ಸೇರಿದ್ದರು. ಫ್ಲಡ್ ಅಲ್ಲಿಗೆ ಬಂದು ಮಾತಾಡಿದರು. ಅವರ ಕೇಸು ನಡೆದಾಗ ಆ ಸಭೆಯಲ್ಲಿದ್ದ ಬಹಳ ಜನ ಇನ್ನೂ ಚಿಕ್ಕ ಮಕ್ಕಳು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಎರಡು ವರ್ಷ ಆದಮೇಲೆ, 1997ರ ಜನವರಿಯಲ್ಲಿ, ಫ್ಲಡ್ ತೀರಿಕೊಂಡರು. 59 ವರ್ಷ ಆಗಿತ್ತು.